ಸ್ಪೇನ್ ದೇಶದ ಅನುಭಾವಿ ತೆರೇಸಾ

ಕ್ರೈಸ್ತಮತದಲ್ಲಿ ದೇವರೊಡನೆ ಏಕಾಂತಸಖ್ಯವನ್ನು ಬಯಸಿದ ಅನುಭಾವಿಗಳ ಪರಂಪರೆಯು ಬಹು ಪ್ರಾಚೀನವಾದುದು. ಈಜಿಪ್ಟಿನ ಮರುಭೂಮಿಯ ತಪಸ್ವಿಗಳೂ, 12ನೆಯ ಶತಮಾನದ ಬೆರ್ನಾರ್ಡನೂ, ಜರ್ಮನಿಯ ಎಕ್‌ಹಾರ್ಟನೂ ಆ ದಾರಿಯಲ್ಲಿ ನಡೆದವರೇ. ಆದರೆ ಆ ಸಖ್ಯವು ಯಾರಿಗೆ ಸಲ್ಲತಕ್ಕದ್ದು, ಅದನ್ನು ಬಯಸುವುದಕ್ಕೆ ಯಾರ ಅಪ್ಪಣೆ ಬೇಕು ಎಂಬ ಪ್ರಶ್ನೆಯು 16ನೆಯ ಶತಮಾನದ ಸ್ಪೇನಿನಲ್ಲಿ ಬಹು ಉಗ್ರವಾಗಿ ಎದ್ದಿತು. ಅದಕ್ಕೆ ತನ್ನ ಬಾಳಿನಿಂದಲೂ ಬರಹದಿಂದಲೂ ಉತ್ತರವಿತ್ತವಳು ಆವಿಲಾ ನಗರದ ತೆರೇಸಾ.

ಆಕೆಯು ಹುಟ್ಟಿದುದು ಕ್ರಿ. ಶ. 1515ರಲ್ಲಿ. ಆಕೆಯ ತಂದೆಯ ತಂದೆಯು ತೊಲೆದೋ ನಗರದ ಯೆಹೂದ್ಯ ವಂಶದವನಾಗಿದ್ದು ಕ್ರೈಸ್ತನಾದವನು. 1485ರಲ್ಲಿ ಇನ್‌ಕ್ವಿಸಿಶನ್ ಎಂಬ ಮತನ್ಯಾಯಸ್ಥಾನದ ಮುಂದೆ ನಿಂತು ಪ್ರಾಯಶ್ಚಿತ್ತವನ್ನು ಹೊತ್ತವನು. ರಕ್ತಶುದ್ಧಿಯನ್ನೇ ಮಾನದ ಅಳತೆಗೋಲಾಗಿಸಿಕೊಂಡಿದ್ದ ಆ ಸಮಾಜದಲ್ಲಿ ಇದು ಮುಚ್ಚಿಡಬೇಕಾದ ಸಂಗತಿ. ಹಳೆಯ ದಾವೆಯ ಕಾಗದಪತ್ರಗಳಿಂದ ಇದು ಬೆಳಕಿಗೆ ಬಂದುದು 20ನೆಯ ಶತಮಾನದಲ್ಲಿಯೇ. 1535ರಲ್ಲಿ ತೆರೇಸಾ ಕಾರ್ಮೆಲ್ ಪಂಥದ ಕನ್ಯಾಮಠವನ್ನು ಸೇರಿದಳು. ಆ ಮೇಲೆ ಕಠಿಣವಾದ ವ್ಯಾಧಿ. ವ್ಯಾಧಿಯು ಕಳೆದ ಮೇಲೆಯೂ ಬಹುವರ್ಷಗಳ ಶುಷ್ಕತೆ. ಪ್ರಾರ್ಥನೆಗೆ ಕುಳಿತು, ದೇವರನ್ನು ನೆನೆಯುವುದಕ್ಕಿಂತ ಹೆಚ್ಚಾಗಿ, ಗಂಟೆ ಯಾವಾಗ ಹೊಡೆಯುವುದೋ ಎಂದೇ ಕಿವಿಗೊಟ್ಟಿರುತ್ತಿದ್ದೆನೆಂದು ಆಕೆಯೇ ಮರೆಮಾಚದೆ ತಿಳಿಸಿರುವಳು. ಮಹಾತ್ಮರ ಚರಿತ್ರೆಗಳಲ್ಲಿ ಇಂತಹ ಮಾತು ಅಪರೂಪ.

ಕಾಲವಾದರೋ ಒಳಗಿನ ಪ್ರಾರ್ಥನೆಗೆ ಅನುಕೂಲವಾಗಿರಲಿಲ್ಲ. ಬಾಹ್ಯಕರ್ಮಗಳನ್ನು ಹಗುರವಾಗಿ ಕಂಡು ಅಂತರಂಗದ ಬೆಳಕನ್ನೇ ನಂಬಿದ ‘ಅಲುಂಬ್ರಾದೋ’ಗಳ ಮೇಲೆ 1525ರಲ್ಲಿಯೇ ತೊಲೆದೋ ನಗರದಲ್ಲಿ ಖಂಡನಾಜ್ಞೆ ಹೊರಟಿತ್ತು. ಅಂದಿನಿಂದ, ಏಕಾಂತದಲ್ಲಿ ಮೌನವಾಗಿ ಕುಳಿತವರೆಲ್ಲರೂ, ಅದರಲ್ಲಿಯೂ ಹೆಂಗಸರು, ಸಂಶಯಕ್ಕೆ ಗುರಿಯಾದರು. 1559ರಲ್ಲಿ ಮಹಾವಿಚಾರಣಾಧಿಕಾರಿಯಾದ ವಾಲ್ದೇಸನು ನಿಷಿದ್ಧ ಗ್ರಂಥಗಳ ಪಟ್ಟಿಯನ್ನು ಹೊರಡಿಸಿ, ದೇಶಭಾಷೆಯಲ್ಲಿದ್ದ ಎಷ್ಟೋ ಭಕ್ತಿಗ್ರಂಥಗಳನ್ನು ಕಿತ್ತುಕೊಂಡನು. ಲ್ಯಾಟಿನ್ ಬಲ್ಲ ಪಂಡಿತರಿಗೆ ಇದರಿಂದ ಆದ ನಷ್ಟ ಅಲ್ಪ. ತೆರೇಸಾಳಿಗೆ ಲ್ಯಾಟಿನ್ ಬಾರದು. ಆಗ ಭಗವಂತನೇ ತನಗೆ ಸಜೀವ ಗ್ರಂಥವಾಗಿ ಒದಗಿದನೆಂದು ಆಕೆ ಬರೆದಿರುವಳು. ಪುಸ್ತಕಗಳನ್ನು ಕಸಿದುಕೊಂಡವರೇ ಆಕೆಯನ್ನು ಗ್ರಂಥಕರ್ತ್ರಿಯನ್ನಾಗಿ ಮಾಡಿದರೆಂದರೆ ತಪ್ಪಾಗಲಾರದು.

ಗುರುಗಳ ಅಪ್ಪಣೆಯಂತೆ ಬರೆದ ಆತ್ಮಚರಿತ್ರೆಯಲ್ಲಿ ಆಕೆಯು ಪ್ರಾರ್ಥನೆಯೆಂದರೆ ನಮ್ಮನ್ನು ಒಲಿದವನೊಡನೆ ಏಕಾಂತದಲ್ಲಿ ನಡೆಸುವ ಗೆಳೆತನವೆಂದೇ ತಿಳಿಸುತ್ತಾಳೆ. ಆ ಗೆಳೆತನವು ಬೆಳೆಯುವ ಕ್ರಮವನ್ನು ತೋಟದ ಉಪಮಾನದಿಂದ ವಿವರಿಸುತ್ತಾಳೆ. ಕಳೆಯನ್ನು ಕಿತ್ತು ಸಸಿಗಳನ್ನು ನೆಟ್ಟವನು ಭಗವಂತನು. ನೀರುಣಿಸುವುದು ನಮ್ಮ ಪಾಲಿನ ಕೆಲಸ. ಮೊದಲನೆಯ ಬಗೆಯು ಬಾವಿಯಿಂದ ಸೇದಿ ಹೊರುವುದು: ತೋಳು ಸೋಲುವುದು, ನೀರು ಅಲ್ಪ, ಕೆಲವು ದಿನ ಬಾವಿಯೇ ಬತ್ತಿರುವುದು. ಎರಡನೆಯದು ಗಡಿಗೆಗಳನ್ನು ಕಟ್ಟಿದ ಚಕ್ರವನ್ನು ತಿರುಗಿಸಿ ನೀರೆತ್ತುವುದು: ದುಡಿಮೆ ಕಡಮೆ, ನೀರು ಹೆಚ್ಚು, ಇಲ್ಲಿ ಮನಸ್ಸು ಒಳಸರಿದು ಶಾಂತವಾಗುವುದು. ಮೂರನೆಯದು ಹೊಳೆಯಿಂದ ಹರಿದುಬರುವ ನೀರು. ತೋಟಗಾರನು ಅದಕ್ಕೆ ಹಾದಿ ತೋರಿಸಿದರೆ ಸಾಕು. ನಾಲ್ಕನೆಯದು ಮಳೆ, ಅಲ್ಲಿ ಅವನ ಶ್ರಮವೇನೂ ಇಲ್ಲ. ಕಾಸ್ತೀಲಿನ ಒಣ ಪ್ರಸ್ಥಭೂಮಿಯಲ್ಲಿ ಬೆಳೆದವಳಿಗೆ ನೀರಿನ ಬೆಲೆ ತಿಳಿದಿತ್ತು. ನಮ್ಮ ಬಯಲುಸೀಮೆಯ ವಾಚಕರಿಗೂ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಆದರೆ ಗಮನಿಸತಕ್ಕ ವಿಷಯವೊಂದಿದೆ. ಆಕೆಯು ಮಳೆಯನ್ನು ಹೊಗಳಿ ಬಾವಿಯನ್ನು ಹಳಿಯಲಿಲ್ಲ. ಬತ್ತಿದ ಬಾವಿಗೆ ದಿನವೂ ಕೊಡವಿಳಿಸುವವನು ಮಾಡುವುದು ಯಜಮಾನನ ಸೇವೆಯೇ. ನೀರಿಲ್ಲದೆಯೂ ಹೂವನ್ನು ಉಳಿಸಬಲ್ಲವನು ಆ ಯಜಮಾನ. ಇಷ್ಟು ವರ್ಷ ಒಣಗಿದ್ದವಳಲ್ಲದೆ ಬೇರೊಬ್ಬರು ಇದನ್ನು ಬರೆಯಲಾರರು.

1562ರಲ್ಲಿ ಆಕೆಯು ಆವಿಲಾದಲ್ಲಿ ಕಠಿಣವ್ರತದ ಚಿಕ್ಕ ಮಠವೊಂದನ್ನು ಸ್ಥಾಪಿಸಿದಳು. ನಿಶ್ಚಿತವಾದ ಆದಾಯವಿಲ್ಲದ ಆ ಮಠವನ್ನು ಊರ ಹಿರಿಯರು ಬಲವಾಗಿ ವಿರೋಧಿಸಿದರು. ಆದರೂ ಮುಂದಿನ 20 ವರ್ಷಗಳಲ್ಲಿ ಆಕೆಯ ಪ್ರಯತ್ನದಿಂದ ಅಂತಹ 17 ಕನ್ಯಾಮಠಗಳು ನೆಲೆಗೊಂಡವು. 1575ರಲ್ಲಿ ಆತ್ಮಚರಿತ್ರೆಯ ಕೈಬರಹವು ಮತನ್ಯಾಯಸ್ಥಾನದ ವಶವಾಯಿತು. ದೊಮಿನಿಕ್ ಪಂಥದ ವಿದ್ವಾಂಸನಾದ ಬಾನ್ಯೆಸನು ಅದರಲ್ಲಿ ದೋಷವಿಲ್ಲವೆಂದು ಅಭಿಪ್ರಾಯವಿತ್ತರೂ, ಎಲ್ಲರ ಕೈಗೂ ಕೊಡತಕ್ಕುದಲ್ಲವೆಂದನು. ಆಕೆಯ ಜೀವಮಾನದಲ್ಲಿ ಅದು ಹಿಂದಿರುಗಲಿಲ್ಲ. ಅದಕ್ಕೆ ಬದಲಾಗಿ 1577ರಲ್ಲಿ, ಕೆಲವೇ ತಿಂಗಳುಗಳಲ್ಲಿ, ಏಳು ಅಂತಸ್ಥಾನಗಳುಳ್ಳ ‘ಅಂತರಂಗದ ಕೋಟೆ’ಯನ್ನು ಬರೆದಳು. ತನ್ನ ನೂಲಿನ ಗೂಡಿನೊಳಗೆ ಸತ್ತು ಬಿಳಿಯ ಚಿಟ್ಟೆಯಾಗಿ ಹೊರಬರುವ ರೇಷ್ಮೆಹುಳುವಿನ ಪ್ರಸಿದ್ಧ ಉಪಮಾನವು ಅದರಲ್ಲಿಯೇ ಇರುವುದು. ಏಳನೆಯ ಸ್ಥಾನದಲ್ಲಿ ಜೀವಕ್ಕೂ ದೇವನಿಗೂ ವಿವಾಹ. ಆ ವಿವಾಹದ ಫಲವು ಸತ್ಕಾರ್ಯವಲ್ಲದೆ ಬೇರಲ್ಲವೆಂದು ಆಕೆ ಖಂಡಿತವಾಗಿ ಹೇಳುತ್ತಾಳೆ. ಅಡುಗೆಮನೆಯ ಪಾತ್ರೆಗಳ ನಡುವೆಯೂ ಸ್ವಾಮಿಯು ಸುಳಿದಾಡುವನೆಂಬುದು ಆಕೆಯ ನಂಬಿಕೆ.

ಆ ಗ್ರಂಥವು ಮುಗಿದ ಕೆಲವೇ ದಿನಗಳಲ್ಲಿ, 1577ರ ಡಿಸೆಂಬರಿನಲ್ಲಿ, ಆಕೆಯ ಸುಧಾರಣೆಗೆ ನೆರವಾದ ಶಿಲುಬೆಯ ಯೋಹಾನನನ್ನು ಅವನ ಪಂಥದವರೇ ಹಿಡಿದು ತೊಲೆದೋವಿನ ಮಠದ ಇಕ್ಕಟ್ಟಾದ ಕೋಣೆಯಲ್ಲಿ ಸೆರೆಯಿಟ್ಟರು. ಸುಮಾರು ಒಂಬತ್ತು ತಿಂಗಳ ಆ ಕತ್ತಲಲ್ಲಿ ಅವನು, ಜೀವವನ್ನು ವಧುವೆಂದೂ ಕ್ರಿಸ್ತನನ್ನು ವರನೆಂದೂ ಭಾವಿಸಿ ಹಾಡುಗಳನ್ನು ಕಟ್ಟಿದನು. 1578ರ ಆಗಸ್ಟಿನಲ್ಲಿ ತಪ್ಪಿಸಿಕೊಂಡನು. ಅದೇ ಕಾಲದಲ್ಲಿ ಪೋಪರ ಪ್ರತಿನಿಧಿಯಾದ ಸೇಗಾ ಎಂಬುವನು ತೆರೇಸಾಳನ್ನು ಊರೂರು ಅಲೆಯುವ ಅವಿಧೇಯ ಹೆಂಗಸೆಂದೂ, ಸ್ತ್ರೀಯರು ಬೋಧಿಸಬಾರದೆಂಬ ಪೌಲನ ವಿಧಿಯನ್ನು ಮೀರಿದವಳೆಂದೂ ನಿಂದಿಸಿದನು.

ಆಕೆಯು 1582ರ ಅಕ್ಟೋಬರ್ 4ರ ರಾತ್ರಿ ಆಲ್ಬಾ ದೆ ತೋರ್ಮೆಸ್ ಊರಿನಲ್ಲಿ ದೇಹವನ್ನು ಬಿಟ್ಟಳು. ಪಂಚಾಂಗವನ್ನು ತಿದ್ದಿದ ಕಾರಣ ಮರುದಿನವು ಅಕ್ಟೋಬರ್ 15 ಆಯಿತು. 1588ರಲ್ಲಿ ಆಕೆಯ ಗ್ರಂಥಗಳನ್ನು ಸಲಮಾಂಕಾದಲ್ಲಿ ಅಚ್ಚಿಗೆ ಸಿದ್ಧಗೊಳಿಸಿದವನು ಲೂಯಿಸ್ ದೆ ಲೆಯೋನ್. ಅವನೂ 1572ರಿಂದ 1576ರವರೆಗೆ ಇನ್‌ಕ್ವಿಸಿಶನ್ನಿನ ಸೆರೆಮನೆಯಲ್ಲಿದ್ದು ಬಂದವನೇ. 1622ರಲ್ಲಿ ಆಕೆಗೆ ಸಂತಪದವಿಯು ದೊರೆಯಿತು. 1970ರಲ್ಲಿ ಪೋಪ್ ಆರನೆಯ ಪೌಲರು ಆಕೆಯನ್ನು ಧರ್ಮಸಭೆಯ ಆಚಾರ್ಯಳೆಂದು ಸಾರಿದರು. ಆ ಬಿರುದನ್ನು ಪಡೆದ ಸ್ತ್ರೀಯರಲ್ಲಿ ಆಕೆಯೇ ಮೊದಲಿಗಳು. ಅಂದು ವಶವಾಗಿದ್ದ ಆತ್ಮಚರಿತ್ರೆಯ ಕೈಬರಹವನ್ನು ದೊರೆ ಎರಡನೆಯ ಫಿಲಿಪ್ಪನು ತನ್ನ ಎಸ್ಕೋರಿಯಲ್ ಅರಮನೆಯ ಪುಸ್ತಕಭಂಡಾರಕ್ಕೆ ತರಿಸಿಕೊಂಡನು. ಅದು ಈಗಲೂ ಅಲ್ಲಿಯೇ ಇದೆ.