ಅಡಗಿರುವ ಸಿಹಿ

ಕಂದಿಕೆರೆ ಸೀಮೆಯ ತೆಂಗು ಬೆಳೆಗಾರರಿಗೆ ಅಡಗಿರುವ ಸಿಹಿ ಹೊಸದಲ್ಲ. ಅಟ್ಟದ ಮೇಲೆ ವರ್ಷದ ಹತ್ತಿರ ಕಾಯುವ ತೆಂಗಿನಕಾಯಿಯೊಳಗೆ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಒಡೆಯುವವರೆಗೂ ಅದು ಕಾಣದು. ಅಲ್ಲಾಡಿಸಿದಾಗ ಕೇಳುವ ಸದ್ದಷ್ಟೇ ಸೂಚನೆ. ಕಾಯಿಬೆಲ್ಲದ ಹೂರಣವನ್ನು ಒಡಲಲ್ಲಿಟ್ಟುಕೊಂಡ ಕಡುಬೂ ಅದೇ ಜಾತಿಯದು.

ಇಂದು ಮಕ್ಕಳ ಹುಟ್ಟುಹಬ್ಬಕ್ಕೆ ಒಂಟಿಕೊಂಬಿನ ಕುದುರೆ, ಕಿನ್ನರಿಯರ ರೂಪದಲ್ಲಿ ಸಿಂಗರಿಸಿದ ಕಪ್‌ಕೇಕುಗಳೊಳಗೆ ಮಿಠಾಯಿ ಬಚ್ಚಿಡುವುದುಂಟು. ಪುಟ್ಟ ಬಟ್ಟಲುಗಳಲ್ಲಿ ಕೇಕು ಬೇಯಿಸುವ ವಿಧಾನ 1796ರಲ್ಲಿ ಅಮೆರಿಕದ ಅಮೀಲಿಯಾ ಸಿಮನ್ಸ್ ಅವರ ಅಡುಗೆ ಪುಸ್ತಕದಲ್ಲಿ ಅಚ್ಚಾಯಿತು. ಕೇಕಿನೊಳಗೆ ಬಚ್ಚಿಡುವ ವಾಡಿಕೆಯಾದರೋ ಅದಕ್ಕಿಂತ ಬಹು ಹಳೆಯದು. ಫ್ರಾನ್ಸಿನಲ್ಲಿ ಜನವರಿ 6ರ ಮೂರು ರಾಯರ ಹಬ್ಬದ ಕೇಕಿನೊಳಗೆ ಅವರೆಯಂಥ ಒಂದು ಕಾಳನ್ನು ಇಡುತ್ತಿದ್ದರು; ಅದು ಸಿಕ್ಕವರೇ ಆ ದಿನದ ರಾಜ. 19ನೆಯ ಶತಮಾನದಲ್ಲಿ ಕಾಳಿನ ಜಾಗಕ್ಕೆ ಪಿಂಗಾಣಿಯ ಪುಟ್ಟ ಬೊಂಬೆ ಬಂದಿತು. ಪಕ್ಷಪಾತವಾಗದಿರಲೆಂದು, ಯಾವ ಹೋಳು ಯಾರಿಗೆ ಎಂಬುದನ್ನು ಮೇಜಿನ ಕೆಳಗೆ ಕುಳಿತ ಕಿರಿಯ ಮಗು ಹೇಳುತ್ತಿತ್ತು.

ಆ ವಾಡಿಕೆಗೆ ಮತ್ತೊಂದು ಕಟ್ಟಳೆಯಿತ್ತು. ಸೇರಿದವರ ಸಂಖ್ಯೆಗಿಂತ ಒಂದು ಹೋಳನ್ನು ಹೆಚ್ಚಾಗಿ ಕೊಯ್ಯಬೇಕು. ಅದು ಬಾಗಿಲಿಗೆ ಬರಬಹುದಾದ ಬಡವನ ಪಾಲು. ಕಾಳು ಆ ಹೋಳಿನಲ್ಲೂ ಇರಬಹುದಿತ್ತು. ಅಂದಮೇಲೆ ರಾಜಪಟ್ಟ ಬಡವನಿಗೂ ತೆರೆದೇ ಇತ್ತು.

ನಾವು ಬಣ್ಣವನ್ನೂ ಮಿಠಾಯಿಯನ್ನೂ ಉಳಿಸಿಕೊಂಡು ಆ ಹೋಳನ್ನು ಮರೆತಿದ್ದೇವೆ. ನಮ್ಮ ತೋಟಗಳಲ್ಲಿ ಕಾಯಿ ಕೀಳುವವರ, ಸುಲಿಯುವವರ ಮಕ್ಕಳನ್ನೂ ಹಬ್ಬದ ಲೆಕ್ಕಕ್ಕೆ ಸೇರಿಸೋಣ. ಒಂದು ಕಪ್‌ಕೇಕನ್ನು ಹೆಚ್ಚಾಗಿಯೇ ಮಾಡೋಣ.