ನೆಲಗಪ್ಪೆ ಮತ್ತು ಇತರ ಕಪ್ಪೆಗಳು: ಶ್ರಾವಕರ ಮನೆಗಳಲ್ಲಿ ಕೇಳಿಬರುವ ಪ್ರಶ್ನೆಗಳು

ಮೈಸೂರಿನಿಂದ ನಂಜನಗೂಡಿಗೆ ಹೋಗುವ ಹೆದ್ದಾರಿಯಲ್ಲಿರುವ ಮಂಡಕಳ್ಳಿ ಈಗ ವಿಮಾನ ನಿಲ್ದಾಣದಿಂದಾಗಿ ಎಲ್ಲರಿಗೂ ಗೊತ್ತಿರುವ ಊರು. 2010ರಲ್ಲಿ ನಿಲ್ದಾಣದ ಉದ್ಘಾಟನೆಯಾಯಿತು. ನಗರ ದಕ್ಷಿಣಕ್ಕೆ ಬೆಳೆಯುತ್ತಾ ಹೊಲಗಳಿದ್ದ ಕಡೆ ಬಡಾವಣೆಗಳು ಬಂದವು. ಇಂತಹ ಬಡಾವಣೆಗಳಲ್ಲಿ ಹೊಸದಾಗಿ ಮನೆ ಕಟ್ಟಿಸಿದವರಿಗೆ ಮೊದಲ ಮಳೆಗಾಲದಲ್ಲಿ ಆಗುವ ಅನುಭವ ಹೆಚ್ಚುಕಡಿಮೆ ಒಂದೇ. ಸಂಜೆ ದೀಪ ಹಾಕಿದ ಮೇಲೆ ಬಾಗಿಲ ಬಳಿ ಒಂದು ಕಪ್ಪೆ, ಬಚ್ಚಲಲ್ಲಿ ಇನ್ನೊಂದು, ಸಂಪಿನ ಮುಚ್ಚಳ ತೆಗೆದರೆ ಅಲ್ಲೊಂದು. ಜೈನರ ಮನೆಯಲ್ಲಿ ಅದನ್ನು ಕೊಲ್ಲುವ ಮಾತೇ ಇಲ್ಲ. ಆದರೆ ಕಪ್ಪೆಯ ಶರೀರ ಹೇಗೆ ಕೆಲಸ ಮಾಡುತ್ತದೆ ಎಂಬುದು ಗೊತ್ತಿಲ್ಲದೆ ದಯೆಯಿಂದ ಮಾಡಿದ ಕೆಲಸವೂ ಅದರ ಪ್ರಾಣ ತೆಗೆಯಬಹುದು. ಆದ್ದರಿಂದ ಹಲವು ಮನೆಗಳಲ್ಲಿ ಕೇಳಿಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡಲಾಗಿದೆ.

ಮನೆಯ ಬಳಿ ಬರುವುದು ಯಾವ ಕಪ್ಪೆ?

ಹೆಚ್ಚಾಗಿ ನೆಲಗಪ್ಪೆ. ಒರಟು ಚರ್ಮ, ಮೈತುಂಬ ಗಂಟು, ಮಣ್ಣಿನ ಬಣ್ಣ, ಕುಪ್ಪಳಿಸುವುದಕ್ಕಿಂತ ತೆವಳಿದಂತೆ ನಡೆಯುವ ಸ್ವಭಾವ. ಹಗಲೆಲ್ಲ ಕಲ್ಲು, ಇಟ್ಟಿಗೆ, ಹೂಕುಂಡಗಳ ಅಡಿಯಲ್ಲಿದ್ದು ಕತ್ತಲಾದ ಮೇಲೆ ಹೊರಗೆ ಬರುತ್ತದೆ. ದೀಪದ ಕೆಳಗೆ ಬೀಳುವ ಹುಳುಗಳೇ ಅದನ್ನು ಬಾಗಿಲವರೆಗೆ ಎಳೆದು ತರುವುದು. ಬಚ್ಚಲ ಗೋಡೆಗೆ, ಕಿಟಕಿಯ ಗಾಜಿಗೆ ಅಂಟಿಕೊಂಡು ಕೂರುವ ತೆಳ್ಳನೆಯ ಕಪ್ಪೆ ಮರಗಪ್ಪೆ. ಅದರ ಬೆರಳ ತುದಿಯಲ್ಲಿ ದುಂಡನೆಯ ಅಂಟುಬಿಲ್ಲೆಗಳಿರುತ್ತವೆ. ಗದ್ದೆ, ಕೆರೆಯ ಅಂಚಿನಲ್ಲಿ ಕಾಣುವ ದೊಡ್ಡ ಕಪ್ಪೆ ಗೂಳಿಗಪ್ಪೆ. ಮಳೆ ಬಿದ್ದಾಗ ಅದರ ಗಂಡು ಹಳದಿ ಬಣ್ಣಕ್ಕೆ ತಿರುಗಿ, ಗಂಟಲಿನ ಎರಡೂ ಬದಿ ನೀಲಿ ಚೀಲಗಳನ್ನು ಉಬ್ಬಿಸಿ ಕೂಗುತ್ತದೆ. ಇದನ್ನು ನೋಡಿ ವಿಷದ ಕಪ್ಪೆ ಎಂದು ಹೆದರುವವರಿದ್ದಾರೆ. ಅದು ಹೆಣ್ಣನ್ನು ಕರೆಯುವ ಕಾಲದ ಬಣ್ಣ, ಅಷ್ಟೇ.

ಹಲ್ಲಿ, ಊಸರವಳ್ಳಿ, ಆಮೆ, ಮೊಸಳೆ ಇವು ಉಭಯವಾಸಿಗಳಲ್ಲ, ಸರೀಸೃಪಗಳು. ನೀರಿನಲ್ಲಿಯೂ ನೆಲದಲ್ಲಿಯೂ ಇರುವುದೆಲ್ಲ ಉಭಯವಾಸಿ ಎಂದು ಮಕ್ಕಳು ಬರೆಯುವುದುಂಟು, ದೊಡ್ಡವರೂ ಹಾಗೆಯೇ ಹೇಳುತ್ತಾರೆ. ಉಭಯವಾಸಿಗಳಲ್ಲಿ ಕಪ್ಪೆಗಳ ಜೊತೆಗೆ ಬಾಲವುಳ್ಳ ಸಾಲಮಾಂಡರ್‌ಗಳು, ಎರೆಹುಳುವಿನಂತೆ ಕಾಣುವ ಕಾಲಿಲ್ಲದ ಜೀವಿಗಳು ಸೇರುತ್ತವೆ. ಸಾಲಮಾಂಡರ್ ನಮ್ಮ ದೇಶದಲ್ಲಿ ಡಾರ್ಜಿಲಿಂಗ್ ಕಡೆಯ ಹಿಮಾಲಯದಲ್ಲಿದೆ. ಕಾಲಿಲ್ಲದವು ಮಲೆನಾಡಿನ ಒದ್ದೆ ಮಣ್ಣಿನಲ್ಲಿವೆ. ಮೈಸೂರಿನ ಬಚ್ಚಲುಗಳಲ್ಲಿ ಎರೆಹುಳುವಿನಂತೆ ಕಂಡು ಚುರುಕಾಗಿ ಹರಿಯುವುದು ಸಾಮಾನ್ಯವಾಗಿ ವಿಷವಿಲ್ಲದ ಹುಳುಹಾವು. ಅದಕ್ಕೂ ಹೆದರಬೇಕಿಲ್ಲ.

ಮುಟ್ಟಿದರೆ ನರುಳ್ಳೆ ಬರುತ್ತದೆಯೇ? ವಿಷವಿದೆಯೇ?

ನರುಳ್ಳೆ ಬರುವುದು ಮನುಷ್ಯರಿಂದ ಮನುಷ್ಯರಿಗೆ ಹರಡುವ ವೈರಾಣುವಿನಿಂದ, ಕಪ್ಪೆಯಿಂದಲ್ಲ. ವಿಷದ ಮಾತು ಮಾತ್ರ ಪೂರ್ತಿ ಸುಳ್ಳಲ್ಲ. ನೆಲಗಪ್ಪೆಯ ಕಣ್ಣಿನ ಹಿಂದೆ ಎರಡು ಉಬ್ಬಿದ ಗ್ರಂಥಿಗಳಿವೆ. ಅದನ್ನು ಅದುಮಿದರೆ, ಕಚ್ಚಿದರೆ ಹಾಲಿನಂತಹ ದ್ರವ ಒಸರುತ್ತದೆ. ಅದು ಹೊಟ್ಟೆಗೆ ಹೋದರೆ ಹೃದಯದ ಬಡಿತವನ್ನು ಏರುಪೇರು ಮಾಡುವಷ್ಟು ಬಲವಾದದ್ದು. ಕಣ್ಣಿಗೆ ತಾಗಿದರೆ ಉರಿಯುತ್ತದೆ. ಹಾಗೆಂದು ಕಪ್ಪೆ ತಾನಾಗಿ ಯಾರ ಮೇಲೂ ವಿಷ ಹಾಕುವುದಿಲ್ಲ. ಎತ್ತಿದಾಗ ಅದು ಬಿಡುವ ನೀರು ಮೂತ್ರಕೋಶದಲ್ಲಿ ಕೂಡಿಟ್ಟುಕೊಂಡ ನೀರು, ವಿಷವಲ್ಲ. ಮುಟ್ಟಿದ ಮಗುವಿನ ಕೈಯನ್ನು ಸೋಪಿನಿಂದ ತೊಳೆಸಿದರೆ ಸಾಕು. ಕಣ್ಣಿಗೆ ತಾಗಿದ್ದರೆ ಚೆನ್ನಾಗಿ ನೀರಿನಿಂದ ತೊಳೆಯಬೇಕು. ಬಾಯಿಗೆ ಹಾಕಿಕೊಂಡಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಬೀದಿಯ ನಾಯಿ ನೆಲಗಪ್ಪೆಗೆ ಬಾಯಿ ಹಾಕಿ ನೊರೆ ಸುರಿಸುವುದನ್ನು ಹಲವರು ಕಂಡಿರುತ್ತಾರೆ. ಅದಕ್ಕೆ ಕಾರಣ ಈ ದ್ರವವೇ.

ಮನೆಯೊಳಗೆ ಬಂದ ಕಪ್ಪೆಯನ್ನು ಏನು ಮಾಡಬೇಕು?

ಇಲ್ಲಿಯೇ ಹೆಚ್ಚಿನ ತಪ್ಪುಗಳಾಗುವುದು. ಕಪ್ಪೆ ಬಾಯಿಯಿಂದ ನೀರು ಕುಡಿಯುವುದಿಲ್ಲ, ಚರ್ಮದಿಂದ ಹೀರುತ್ತದೆ. ಉಸಿರಾಟದ ಒಂದು ಪಾಲೂ ಚರ್ಮದಿಂದಲೇ. ಆದ್ದರಿಂದ ಅದರ ಮೈಗೆ ಬಿದ್ದದ್ದು ಒಳಗೆ ಹೋದಂತೆಯೇ. ಓಡಿಸಲು ಉಪ್ಪು ಎರಚುವುದು, ಫಿನಾಯಿಲ್ ಸುರಿಯುವುದು, ಸೀಮೆಎಣ್ಣೆ ಹಾಕುವುದು ಇವೆಲ್ಲ ನೇರವಾಗಿ ಹಿಂಸೆ. ಉಪ್ಪು ಮೈಯ ನೀರನ್ನೆಲ್ಲ ಎಳೆದು ಹಾಕುತ್ತದೆ. ‘ಕೋಲಿನಿಂದ ಹೊಡೆಯಲಿಲ್ಲವಲ್ಲ’ ಎಂಬ ಸಮಾಧಾನ ಇಲ್ಲಿ ಸಲ್ಲದು.

ಇನ್ನೊಂದು ತಪ್ಪು ಒಳ್ಳೆಯ ಮನಸ್ಸಿನಿಂದಲೇ ಆಗುವಂಥದ್ದು. ಕಪ್ಪೆ ಎಂದರೆ ನೀರಿನ ಜೀವಿ ಎಂದುಕೊಂಡು ಚೀಲಕ್ಕೆ ಹಾಕಿ ದೂರದ ಕೆರೆಗೋ ಬಾವಿಗೋ ಬಿಟ್ಟು ಬರುತ್ತಾರೆ. ಬೆಳೆದ ನೆಲಗಪ್ಪೆ ನೀರಿಗೆ ಹೋಗುವುದು ಮೊಟ್ಟೆಯಿಡುವ ಕಾಲದಲ್ಲಿ ಮಾತ್ರ. ಉಳಿದಂತೆ ಅದು ನೆಲದ ಪ್ರಾಣಿ. ಹತ್ತಲು ದಾರಿಯಿಲ್ಲದ ಬಾವಿಯಲ್ಲಿ ಈಜಿ ಈಜಿ ಸೋತು ಮುಳುಗುತ್ತದೆ. ಸರಿಯಾದ ಕ್ರಮ ಸುಲಭವಾದದ್ದು. ಅಗಲವಾದ ಡಬ್ಬಿಯನ್ನು ಕವುಚಿ, ಅಡಿಗೆ ಒಂದು ರಟ್ಟು ಸರಿಸಿ ಎತ್ತಬೇಕು. ಕೈಯಿಂದಲೇ ಎತ್ತುವುದಾದರೆ ಮೊದಲು ಸೋಪಿನ ಅಂಶ ಹೋಗುವಂತೆ ಕೈ ತೊಳೆದು, ಒದ್ದೆ ಕೈಯಿಂದ ಎತ್ತಬೇಕು. ಸಂಜೆಯಾದ ಮೇಲೆ ಕಾಂಪೌಂಡಿನ ಒಳಗೋ ಹೊರಗೋ ಗಿಡದ ನೆರಳಿನಲ್ಲಿ ಬಿಡಬೇಕು. ಮಟಮಟ ಮಧ್ಯಾಹ್ನ ಸಿಮೆಂಟು ಅಂಗಳದಲ್ಲಿ ಬಿಟ್ಟರೆ ಒಣಗಿ ಸಾಯುತ್ತದೆ. ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ, ಬಚ್ಚಲ ನೀರು ಹೋಗುವ ಕೊಳವೆಗೆ ಜಾಲರಿ ಹಾಕಿಸಿದರೆ ಅದು ಒಳಗೆ ಬರುವುದೇ ಇಲ್ಲ.

ಸಂಪಿಗೆ ಬಿದ್ದ ನೆಲಗಪ್ಪೆ ನುಣುಪು ಗೋಡೆ ಹತ್ತಲಾರದು. ಮುಚ್ಚಳ ಬಿಗಿಯಾಗಿರಬೇಕು. ತೆರೆದ ತೊಟ್ಟಿಗಳಿದ್ದರೆ ಒಂದು ಒರಟು ಹಲಗೆಯನ್ನೋ ತೆಂಗಿನ ನಾರಿನ ದಪ್ಪ ಹಗ್ಗವನ್ನೋ ಇಳಿಬಿಡಬೇಕು. ಹತ್ತು ರೂಪಾಯಿಯ ಹಗ್ಗ ಎಷ್ಟೋ ಜೀವ ಉಳಿಸುತ್ತದೆ.

ತೊಟ್ಟಿಯ ನೀರಿನಲ್ಲಿ ಗೊದಮೊಟ್ಟೆಗಳಿದ್ದರೆ?

ನೆಲಗಪ್ಪೆಯ ಮೊಟ್ಟೆಗಳು ಉದ್ದನೆಯ ಲೋಳೆ ದಾರದಲ್ಲಿ ಕರಿಮಣಿ ಪೋಣಿಸಿದಂತೆ ಇರುತ್ತವೆ. ಬೇರೆ ಎಷ್ಟೋ ಕಪ್ಪೆಗಳದ್ದು ಮುದ್ದೆಯಾಗಿ ಇರುತ್ತದೆ. ಮರಗಪ್ಪೆ ನೀರಿನ ಮೇಲಿನ ಗೋಡೆಗೋ ಎಲೆಗೋ ನೊರೆಯ ಗೂಡು ಅಂಟಿಸುತ್ತದೆ. ಅದನ್ನು ಕೊಳೆ ಎಂದು ಉಜ್ಜಿ ತೆಗೆಯುವವರೇ ಹೆಚ್ಚು. ನೆಲಗಪ್ಪೆಯ ಮೊಟ್ಟೆ ಒಂದೆರಡು ದಿನಗಳಲ್ಲಿ ಒಡೆದು ಗೊದಮೊಟ್ಟೆಗಳಾಗುತ್ತವೆ. ಅವು ಕಿವಿರುಗಳಿಂದ ಉಸಿರಾಡುತ್ತಾ ಪಾಚಿ ತಿಂದು ಬೆಳೆದು, ಸುಮಾರು ಐದಾರು ವಾರಗಳಲ್ಲಿ ಕಾಲು ಮೂಡಿ, ಬಾಲ ಕರಗಿ ದಡಕ್ಕೆ ಬರುತ್ತವೆ. ಅವುಗಳಿರುವ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕುವುದಾಗಲಿ ಚರಂಡಿಗೆ ಚೆಲ್ಲುವುದಾಗಲಿ ಕೂಡದು. ನಮ್ಮಲ್ಲಿ ನೀರು ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಆ ನೀರು ಬಂದ ಜಾಗಕ್ಕೇ ಮುಟ್ಟಿಸುವ ಪದ್ಧತಿ ಇದೆಯಲ್ಲ, ಇಲ್ಲಿ ಬೇಕಾಗಿರುವುದೂ ಅದೇ. ಅವಿರುವ ನೀರಿನ ಸಮೇತ ಬಕೆಟ್ಟಿನಲ್ಲಿ ಎತ್ತಿಕೊಂಡು ಹತ್ತಿರದ ಕುಂಟೆಯ ಅಥವಾ ಕೆರೆಯ ತಗ್ಗಾದ ಅಂಚಿನಲ್ಲಿ ನಿಧಾನವಾಗಿ ಬಿಡಬೇಕು. ಆಮೇಲೆ ತೊಟ್ಟಿಯನ್ನು ಮುಚ್ಚಿಡಬೇಕು. ಮೊದಲೇ ಮುಚ್ಚಿಟ್ಟಿದ್ದರೆ ಕಪ್ಪೆಯ ಮೊಟ್ಟೆಯೂ ಇಲ್ಲ, ಸೊಳ್ಳೆಯ ಮರಿಯೂ ಇಲ್ಲ.

ಕಪ್ಪೆ ಹುಳು ತಿನ್ನುತ್ತದೆ. ಅದನ್ನು ಇರಗೊಟ್ಟರೆ ನಮಗೆ ದೋಷವೇ?

ಇದನ್ನು ಕೇಳುವವರು ಹಿರಿಯ ಶ್ರಾವಿಕೆಯರು. ಪ್ರಶ್ನೆ ಸಣ್ಣದಲ್ಲ. ಸೊಳ್ಳೆ, ಜಿರಲೆ ಕಡಿಮೆಯಾಗಲಿ ಎಂದು ಕಪ್ಪೆಯನ್ನು ಹಿಡಿದು ತಂದು ಬಿಡುವುದಾದರೆ ಕೊಲ್ಲಿಸುವ ಉದ್ದೇಶ ಅದರಲ್ಲಿದೆ. ಮಾಡುವುದು, ಮಾಡಿಸುವುದು, ಅನುಮೋದಿಸುವುದು ಮೂರನ್ನೂ ಶಾಸ್ತ್ರ ಒಂದೇ ಸಾಲಿನಲ್ಲಿ ಇಟ್ಟಿದೆ. ತಾನಾಗಿ ಬಂದು ತನ್ನ ಸ್ವಭಾವದಂತೆ ಬದುಕುವ ತಿರ್ಯಂಚ ಪಂಚೇಂದ್ರಿಯ ಜೀವಿಯನ್ನು ಇರಗೊಡುವುದು ಬೇರೆ ಮಾತು. ಹೊರಗಿನ ದೀಪವನ್ನು ಅಗತ್ಯವಿದ್ದಾಗ ಮಾತ್ರ ಹಾಕಿದರೆ ಹುಳುಗಳೂ ಸೇರುವುದಿಲ್ಲ, ಕಪ್ಪೆಯೂ ಬಾಗಿಲಿಗೆ ಬರುವುದಿಲ್ಲ. ಎರಡು ಜೀವಕ್ಕೂ ಅನುಕೂಲ, ಕರೆಂಟು ಬಿಲ್ಲಿಗೂ.

ಕಪ್ಪೆಯ ವಿಷಯ ಬಂದಾಗ ಬಸದಿಯಲ್ಲಿ ಕೇಳಿದ ಕಥೆ ನೆನಪಾಗದಿರದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪೂಜೆಯ ಫಲಕ್ಕೆ ದೃಷ್ಟಾಂತವಾಗಿ ಹೆಸರಿಸುವುದು ರಾಜಗೃಹದ ಒಂದು ಕಪ್ಪೆಯನ್ನು. ಮಹಾವೀರ ಸ್ವಾಮಿಯ ಸಮವಸರಣಕ್ಕೆ ಒಂದೇ ಹೂವು ಹಿಡಿದು ಹೊರಟ ಅದು ದಾರಿಯಲ್ಲಿ ಶ್ರೇಣಿಕ ಮಹಾರಾಜನ ಆನೆಯ ಕಾಲಿಗೆ ಸಿಕ್ಕಿ ದೇವಗತಿ ಪಡೆಯಿತು. ಶ್ವೇತಾಂಬರರ ಜ್ಞಾತಾಧರ್ಮಕಥೆಯಲ್ಲಿ ಆ ಕಪ್ಪೆ ಹಿಂದಿನ ಜನ್ಮದಲ್ಲಿ ನಂದನೆಂಬ ವರ್ತಕ. ತಾನು ಕಟ್ಟಿಸಿದ ಕೊಳದ ಮೇಲಿನ ಮೋಹದಿಂದ ಅದೇ ಕೊಳದಲ್ಲಿ ಕಪ್ಪೆಯಾಗಿ ಹುಟ್ಟಿದವನು. ವ್ಯಾಪಾರದ ಮನೆತನಗಳು ಈ ಭಾಗವನ್ನು ಮಕ್ಕಳಿಗೆ ತಪ್ಪದೆ ಹೇಳುವುದು ಒಳ್ಳೆಯದು.

ರಸ್ತೆಯ ಮೇಲೆ ಸಾಯುವ ಕಪ್ಪೆಗಳು

ಮೈಸೂರು ಕಡೆ ಮೇ ತಿಂಗಳಲ್ಲಿ ಒಮ್ಮೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಇನ್ನೊಮ್ಮೆ ಮಳೆ ಜೋರಾಗುತ್ತದೆ. ಮೊದಲ ಜೋರು ಮಳೆಯ ರಾತ್ರಿ ಕಪ್ಪೆಗಳು ಆಕಾಶದಿಂದ ಬಿದ್ದಂತೆ ತೋರುವುದಕ್ಕೆ ಕಾರಣವಿದೆ. ಬಿಲಗಪ್ಪೆಯಂಥವು ಹಿಂಗಾಲಿನ ಅಡಿಯ ಗಟ್ಟಿ ಉಬ್ಬಿನಿಂದ ಹಿಮ್ಮುಖವಾಗಿ ಮಣ್ಣು ತೋಡಿಕೊಂಡು ಬೇಸಗೆಯೆಲ್ಲ ಒಳಗೇ ಇರುತ್ತವೆ. ಮಳೆ ಬಿದ್ದೊಡನೆ ಎದ್ದು ಬರುತ್ತವೆ. ಬೇಲೂರಿನ ಕಪ್ಪೆ ಚೆನ್ನಿಗರಾಯನ ಐತಿಹ್ಯದಲ್ಲಿ ಕಲ್ಲಿನೊಳಗಿಂದ ಕಪ್ಪೆ ಬಂದಂತೆ ನಿಜವಾಗಿ ಬದುಕಲು ಸಾಧ್ಯವೇ ಎಂದು ಕೇಳುವವರಿದ್ದಾರೆ. ತೇವವಿರುವ ಮಣ್ಣಿನಲ್ಲಿ ತಿಂಗಳುಗಟ್ಟಲೆ ಸಾಧ್ಯ, ಗಾಳಿಯಾಡದ ಕಲ್ಲಿನಲ್ಲಿ ಇಲ್ಲ.

ಹಾಗೆ ಎದ್ದು ಬಂದವು ಹೊಲದಿಂದ ನೀರಿರುವ ಕಡೆಗೆ ಹೋಗಲು ನಂಜನಗೂಡು ರಸ್ತೆಯಂತಹ ಹೆದ್ದಾರಿಯನ್ನು ದಾಟಬೇಕಾದರೆ ಎಷ್ಟು ಉಳಿದಾವು? ಮುನಿಗಳು, ಆರ್ಯಿಕೆಯರು ಮಳೆಗಾಲದ ನಾಲ್ಕು ತಿಂಗಳು ವಿಹಾರ ನಿಲ್ಲಿಸಿ ಚಾತುರ್ಮಾಸಕ್ಕೆ ಕೂರುವುದು ನೆಲದ ತುಂಬ ಜೀವಗಳು ಹುಟ್ಟುವ ಕಾಲವೆಂದೇ. ದರ್ಶನಕ್ಕೆಂದು ನಾವು ಅದೇ ತಿಂಗಳುಗಳಲ್ಲಿ ರಾತ್ರಿ ಕಾರಿನಲ್ಲಿ ಓಡಾಡುವುದು ಯೋಚಿಸಬೇಕಾದ ಸಂಗತಿ. ಗೊಮ್ಮಟಗಿರಿ, ಕನಕಗಿರಿಗೆ ಹೋಗುವವರು ಮಳೆ ದಿನಗಳಲ್ಲಿ ಬೆಳಕಿರುವಾಗಲೇ ಹೋಗಿ ಬರುವಂತೆ ಸಮಯ ಇಟ್ಟುಕೊಳ್ಳಬಹುದು. ಕೆರೆಯಂಚಿನ ರಸ್ತೆಯಲ್ಲಿ ನಿಧಾನವಾಗಿ ಹೋಗಬಹುದು. ಬೆಳಗ್ಗೆ ಕಾರು ತೆಗೆಯುವ ಮೊದಲು ಚಕ್ರದ ಬಳಿ ಒಮ್ಮೆ ಬಗ್ಗಿ ನೋಡಬೇಕು, ನೆಲಗಪ್ಪೆಗೆ ಅದು ಮೆಚ್ಚಿನ ಜಾಗ. ಗೊದಮೊಟ್ಟೆಗಳು ದಡ ಹತ್ತುವ ದಿನಗಳಲ್ಲಿ ಬಟಾಣಿ ಕಾಳಿನಷ್ಟು ಮರಿಗಳು ನೂರಾರು ಒಟ್ಟಿಗೆ ಹೊರಡುತ್ತವೆ. ಆಗ ನಾಲ್ಕು ಮೊಳ ಮುಂದೆ ನೆಲ ನೋಡಿ ನಡೆಯುವ ಈರ್ಯಾ ಸಮಿತಿ ಗೃಹಸ್ಥರಿಗೂ ಬೇಕು.

ಕಪ್ಪೆಯಿದ್ದರೆ ಹಾವು ಬರುತ್ತದೆಯೇ?

ನೀರುಹಾವು, ನಾಗರ ಕಪ್ಪೆಯನ್ನು ತಿನ್ನುವುದು ನಿಜ. ಆದರೆ ಮನೆಗೆ ಹಾವನ್ನು ಕರೆಯುವುದರಲ್ಲಿ ಇಲಿಯದ್ದೇ ದೊಡ್ಡ ಕೈ. ಗೋಡೌನಿನಲ್ಲಿ ಚೆಲ್ಲಿದ ಕಾಳು, ಮೂಲೆಯಲ್ಲಿ ರಾಶಿ ಹಾಕಿದ ಖಾಲಿ ಚೀಲ ತೆಗೆಯದೆ ಕಪ್ಪೆಯನ್ನು ದೂರಿ ಪ್ರಯೋಜನವಿಲ್ಲ.

ಮಳೆಗಾಗಿ ಕಪ್ಪೆ ಮದುವೆ

ಮಳೆ ತಡವಾದ ವರ್ಷಗಳಲ್ಲಿ ರಾಜ್ಯದ ಹಲವೆಡೆ ಇದು ನಡೆಯುತ್ತದೆ. 2019ರಲ್ಲಿ ಉಡುಪಿಯಲ್ಲಿ ನಡೆದದ್ದು ಪತ್ರಿಕೆಗಳಲ್ಲಿ ಬಂದಿತ್ತು. ನೆರೆಹೊರೆಯವರು ಚಂದಾ ಕೇಳಿದಾಗ ಸ್ನೇಹ ಕೆಡಿಸಿಕೊಳ್ಳಬೇಕಿಲ್ಲ. ಜೀವಂತ ಕಪ್ಪೆಯ ಬದಲು ಮಣ್ಣಿನದೋ ಮರದ್ದೋ ಬೊಂಬೆ ಇಡಲು ವಿನಂತಿಸಬಹುದು. ಚರ್ಮದಿಂದ ಉಸಿರಾಡುವ ಪ್ರಾಣಿಗೆ ಅರಿಶಿನ ಕುಂಕುಮ ಬಳಿದು ಗಂಟೆಗಟ್ಟಲೆ ಹಿಡಿದಿಟ್ಟರೆ ಏನಾಗುತ್ತದೆಂದು ವಿವರಿಸಿದರೆ ಕೇಳುವವರಿದ್ದಾರೆ.

ಕಪ್ಪೆಗಳು ನಿಜವಾಗಿಯೂ ಕಡಿಮೆಯಾಗುತ್ತಿವೆಯೇ?

ಲೋಕದಲ್ಲಿ 8,000ಕ್ಕೂ ಹೆಚ್ಚು ಬಗೆಯ ಉಭಯವಾಸಿಗಳಿವೆ. ಭಾರತದಲ್ಲಿಯೇ 400ಕ್ಕೂ ಹೆಚ್ಚು. 2023ರಲ್ಲಿ ಹೊರಬಂದ ಜಾಗತಿಕ ಅಧ್ಯಯನದ ಪ್ರಕಾರ ಇವುಗಳಲ್ಲಿ ಶೇ. 41ರಷ್ಟು ಬಗೆಗಳು ಅಳಿವಿನ ಅಂಚಿನತ್ತ ಸಾಗಿವೆ. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಇಷ್ಟು ಅಪಾಯದಲ್ಲಿರುವ ವರ್ಗ ಬೇರೊಂದಿಲ್ಲ. ಇನ್ನೊಂದು ಕಡೆ ನಮ್ಮ ರಾಜ್ಯದಲ್ಲಿ ಹೊಸ ಬಗೆಗಳು ಈಗಲೂ ಪತ್ತೆಯಾಗುತ್ತಿವೆ. ಕೆ.ವಿ. ಗುರುರಾಜ ಮತ್ತು ಜೊತೆಗಾರರು 2014ರಲ್ಲಿ ವಿವರಿಸಿದ ಮಲೆನಾಡಿನ ಕುಂಬಾರ ಕಪ್ಪೆ ತನ್ನ ಮೊಟ್ಟೆಗಳಿಗೆ ಕೈಯಾರೆ ಕೆಸರು ಬಳಿಯುತ್ತದೆ. ಹಾಗೆ ಬಳಿಯುವುದು ಗಂಡು.

ನಮ್ಮ ದೇಶದಿಂದ ಒಂದು ಕಾಲಕ್ಕೆ ಕಪ್ಪೆಯ ಕಾಲುಗಳು ಟನ್ನುಗಟ್ಟಲೆ ಹೊರದೇಶಗಳಿಗೆ ಹೋಗುತ್ತಿದ್ದವು. ಗದ್ದೆಗಳಲ್ಲಿ ರಾತ್ರಿ ದೀಪ ಹಿಡಿದು ಗೂಳಿಗಪ್ಪೆ ಹಿಡಿಯುತ್ತಿದ್ದರು. 1987ರಲ್ಲಿ ಕೇಂದ್ರ ಸರ್ಕಾರ ಈ ರಫ್ತನ್ನು ನಿಷೇಧಿಸಿತು. ಲಾಭವಿದ್ದ ವ್ಯಾಪಾರವೊಂದು ನಿಂತೂ ದೇಶಕ್ಕೆ ನಷ್ಟವಾಗಲಿಲ್ಲ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಕಾಲೇಜಿನಲ್ಲಿ ಕಪ್ಪೆ ಕೊಯ್ಯಬೇಕೇ?

ವಿಜ್ಞಾನ ಓದಿಸಲು ಹಿಂದಿನವರು ಹಿಂಜರಿಯುತ್ತಿದ್ದದ್ದು ಇದೊಂದೇ ಕಾರಣಕ್ಕೆ. ಡಾಕ್ಟರಾಗಬಹುದಾಗಿದ್ದ ಎಷ್ಟೋ ಮಕ್ಕಳು ಪ್ರಯೋಗಾಲಯದ ಮೇಣದ ತಟ್ಟೆಯ ಮುಂದೆ ನಿಲ್ಲಲಾರದೆ ವಾಣಿಜ್ಯ ವಿಭಾಗಕ್ಕೆ ಬಂದರು. 2014ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ ಪ್ರಾಣಿಶಾಸ್ತ್ರ ಮತ್ತು ಜೀವವಿಜ್ಞಾನದ ಪದವಿ, ಸ್ನಾತಕೋತ್ತರ ತರಗತಿಗಳಲ್ಲಿ ಪ್ರಾಣಿಗಳನ್ನು ಕೊಯ್ಯುವುದನ್ನು ನಿಲ್ಲಿಸುವಂತೆ ಹೇಳಿತು. ಮಾದರಿ, ಚಿತ್ರಪಟ, ಕಂಪ್ಯೂಟರ್ ಮೂಲಕ ಅದೇ ಪಾಠ ಕಲಿಯಬಹುದು. ಎಲ್ಲಿಯಾದರೂ ಜೀವಂತ ಕಪ್ಪೆ ತರಲು ಹೇಳಿದರೆ ಪೋಷಕರು ಪ್ರಾಂಶುಪಾಲರನ್ನು ಕಂಡು, ಈ ಸೂಚನೆಯನ್ನು ಉಲ್ಲೇಖಿಸಿ, ಬೇರೆ ವಿಧಾನ ಕೊಡಿ ಎಂದು ಲಿಖಿತವಾಗಿ ಕೇಳಬೇಕು. ಮೌಖಿಕವಾಗಿ ಹೇಳಿ ಬಂದರೆ ಮಗುವೊಂದೇ ತರಗತಿಯಲ್ಲಿ ಉತ್ತರ ಕೊಡಬೇಕಾಗುತ್ತದೆ.