ಕೈಯಿಂದ ಕೂಡಿಸಿದ ಚಾರ್ಜರು: ಅದರ ಇತಿಹಾಸದ ಒಂದು ಘಟ್ಟ

ಜೇಬಿನಲ್ಲಿಟ್ಟು ಒಯ್ಯುವ ವಿದ್ಯುನ್ಮಾನ ಸಾಧನಗಳಿಗೆ ದಾರಿಯಲ್ಲಿ ವಿದ್ಯುತ್ತನ್ನು ಒದಗಿಸುವ ಚಾರ್ಜರುಗಳ ಇತಿಹಾಸವನ್ನು, ಅಂಗಡಿಗಳಲ್ಲಿ ಮಾರಾಟಕ್ಕೆ ಬಂದ ಪವರ್ ಬ್ಯಾಂಕುಗಳಿಂದ ಆರಂಭಿಸುವುದುಂಟು. ಈ ಕ್ರಮ ನಮಗೆ ಸಮ್ಮತವಲ್ಲ. ಹವ್ಯಾಸಿಗಳು ಮನೆಯ ಮೇಜಿನ ಮೇಲೆ ಬೆಸುಗೆ ಹಾಕಿ ಕೂಡಿಸಿದ ಚಾರ್ಜರುಗಳನ್ನು ಬಿಟ್ಟುಬಿಟ್ಟರೆ ಒಂದು ಮುಖ್ಯ ಪ್ರಶ್ನೆಯೇ ಈ ಇತಿಹಾಸದಿಂದ ಕಾಣೆಯಾಗುತ್ತದೆ. ಸಾಧನವನ್ನು ಕೊಂಡವನು ಅದಕ್ಕೆ ತನಗೆ ಬೇಕಾದ ಮೂಲದಿಂದ ವಿದ್ಯುತ್ತನ್ನು ಕೊಡಬಲ್ಲನೆ, ಅಥವಾ ಅದಕ್ಕೂ ತಯಾರಕನ ಅನುಮತಿ ಬೇಕೆ ಎಂಬುದೇ ಆ ಪ್ರಶ್ನೆ. ಪ್ರಸ್ತುತ ಲೇಖನದಲ್ಲಿ ಇದನ್ನೇ ವಿವೇಚಿಸಲು ಉದ್ದೇಶಿಸಿದ್ದೇವೆ.

1979ರಲ್ಲಿ ಜಪಾನಿನ ಸೋನಿ ಸಂಸ್ಥೆ ಹೊರತಂದ ಮೊದಲ ವಾಕ್‌ಮನ್ ಎರಡು ಪೆನ್ಸಿಲ್ ಸೆಲ್ಲುಗಳಿಂದ ನಡೆಯುತ್ತಿತ್ತು. ಸೆಲ್ಲು ತೀರಿದರೆ ಹತ್ತಿರದ ಅಂಗಡಿಯಲ್ಲಿ ಬೇರೆ ಜೊತೆಯನ್ನು ಕೊಂಡು ಹಾಕಿದರಾಯಿತು. ಚಾರ್ಜರಿನ ಮಾತೇ ಇರಲಿಲ್ಲ. 2001ರಲ್ಲಿ ಆಪಲ್ ಸಂಸ್ಥೆಯ ಐಪಾಡ್ ಬಂದಾಗ ಈ ಸ್ಥಿತಿ ಬದಲಾಯಿತು. ಅದರೊಳಗಿನ ಲಿಥಿಯಂ ಬ್ಯಾಟರಿಯನ್ನು ಬಳಕೆದಾರ ತೆಗೆದು ಬದಲಿಸುವಂತಿರಲಿಲ್ಲ. ಮತ್ತೆ ಮತ್ತೆ ತುಂಬಿಸಿಕೊಳ್ಳುವ ಅನುಕೂಲವೇನೋ ದೊರೆಯಿತು. ಆದರೆ ಗೋಡೆಯ ಪ್ಲಗ್ಗೂ ಗಣಕಯಂತ್ರವೂ ಇಲ್ಲದೆಡೆ ತೀರಿದ ಸಾಧನ ನಿಷ್ಪ್ರಯೋಜಕವಾಯಿತು. ಕೈಯಿಂದ ಕೂಡಿಸಿದ ಚಾರ್ಜರು ಹುಟ್ಟಿದುದು ಈ ಕೊರತೆಯಿಂದ.

2004ರಿಂದ ಐಪಾಡುಗಳನ್ನು ಯು.ಎಸ್.ಬಿ. ತಂತಿಯ ಮೂಲಕ ತುಂಬಿಸುವುದು ಸಾಧ್ಯವಾದ ಮೇಲೆ ಹವ್ಯಾಸಿಗಳ ಕೆಲಸ ಸುಲಭವಾದಂತೆ ತೋರಿತು. 5 ವೋಲ್ಟ್ ಒದಗಿಸಿದರೆ ಸಾಕಷ್ಟೆ! 9 ವೋಲ್ಟಿನ ಚೌಕಾಕಾರದ ಬ್ಯಾಟರಿಯೊಂದಕ್ಕೆ 7805 ಎಂಬ ಅಗ್ಗದ ನಿಯಂತ್ರಕವನ್ನು ಜೋಡಿಸುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ನಮ್ಮ ವಿದ್ಯಾರ್ಥಿಗಳೂ ಇದನ್ನೇ ಮೊದಲು ಹೇಳುತ್ತಾರೆ. ಆದರೆ ಈ ನಿಯಂತ್ರಕವು ಹೆಚ್ಚುವರಿ 4 ವೋಲ್ಟನ್ನು ಶಾಖವಾಗಿ ಕಳೆಯುತ್ತದೆ. ಎಂದರೆ ಒಂಬತ್ತರಲ್ಲಿ ನಾಲ್ಕು ಪಾಲು ಶಕ್ತಿ ವ್ಯರ್ಥ. ಅಲ್ಲದೆ ಬ್ಯಾಟರಿ 7 ವೋಲ್ಟಿಗಿಂತ ಕೆಳಗಿಳಿದರೆ ಅದು ಸರಿಯಾಗಿ ಕೆಲಸ ಮಾಡದು. ಬ್ಯಾಟರಿಯಲ್ಲಿ ಇನ್ನೂ ಸತ್ತ್ವವಿರುವಾಗಲೇ ಚಾರ್ಜರು ನಿಂತುಹೋಗುತ್ತದೆ.

ಇದಕ್ಕೆ ವಿರುದ್ಧವಾದ ಮಾರ್ಗವನ್ನು ಹಿಡಿದು ಪ್ರಸಿದ್ಧಿಗೆ ಬಂದುದು, ಅಮೆರಿಕದ ಎಂಜಿನಿಯರ್ ಲಿಮೋರ್ ಫ್ರೀಡ್ ಅವರು 2006ರಲ್ಲಿ ಪ್ರಕಟಿಸಿದ ‘ಮಿಂಟಿಬೂಸ್ಟ್’. ಎಂ.ಐ.ಟಿ.ಯಲ್ಲಿ ವ್ಯಾಸಂಗ ಮಾಡಿದ ಇವರು 2005ರಲ್ಲಿ ಏಡಾಫ್ರೂಟ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದ್ದರು. ಚೂಯಿಂಗ್ ಗಮ್ಮಿನ ಪುಟ್ಟ ತಗಡಿನ ಡಬ್ಬಿ, ಅದರೊಳಗೆ ಎರಡು ಪೆನ್ಸಿಲ್ ಸೆಲ್ಲು, ಬೆರಳಗಲದ ಒಂದು ಮಂಡಲ ಫಲಕ, ಒಂದು ಯು.ಎಸ್.ಬಿ. ಸಾಕೆಟ್ಟು: ಇಷ್ಟೇ ಅದರ ಸಲಕರಣೆ. ವಾಕ್‌ಮನ್ನಿನ ಒಡಲಲ್ಲಿದ್ದ ಅದೇ ಎರಡು ಸೆಲ್ಲುಗಳು ಸಾಧನದಿಂದ ಉಚ್ಚಾಟಿತವಾಗಿ, ಹೊರಗಿನ ಡಬ್ಬಿಯೊಂದರಲ್ಲಿ ಮರಳಿ ಬಂದವೆನ್ನಬಹುದು.

ಎರಡು ಸೆಲ್ಲುಗಳಿಂದ ದೊರೆಯುವುದು 3 ವೋಲ್ಟ್, ಬೇಕಾದುದು 5. ಕಡಿಮೆಯಿಂದ ಹೆಚ್ಚನ್ನು ಪಡೆಯುವ ಬಗೆಯೇ ಇಲ್ಲಿನ ತಿರುಳು. ಸೆಲ್ಲಿನ ಪ್ರವಾಹವನ್ನು ತಂತಿಯ ಸುರುಳಿಯೊಂದರಲ್ಲಿ ಹರಿಸಿದರೆ ಅದರ ಕಾಂತಕ್ಷೇತ್ರದಲ್ಲಿ ಶಕ್ತಿ ಸಂಗ್ರಹವಾಗುತ್ತದೆ. ಥಟ್ಟನೆ ಮಾರ್ಗವನ್ನು ಕಡಿದರೆ ಸುರುಳಿಯು ಪ್ರವಾಹ ನಿಲ್ಲುವುದನ್ನು ಪ್ರತಿಭಟಿಸಿ ಮೂಲಕ್ಕಿಂತ ಹೆಚ್ಚಿನ ವೋಲ್ಟನ್ನು ಉಂಟುಮಾಡುತ್ತದೆ. ಅದು ಡಯೋಡಿನ ಮೂಲಕ ಹಾದು ಧಾರಕದಲ್ಲಿ ತುಂಬಿಕೊಳ್ಳುತ್ತದೆ. ಈ ತೆರೆದು ಮುಚ್ಚುವ ಕೆಲಸವನ್ನು ಸೆಕೆಂಡಿಗೆ ಲಕ್ಷ ಲೆಕ್ಕದಲ್ಲಿ ನಡೆಸುವ ಚಿಪ್ಪೊಂದು ಫಲಕದ ಮೇಲಿರುತ್ತದೆ. ಪುಕ್ಕಟೆಯಾಗಿ ಏನೂ ಬಾರದೆಂಬುದನ್ನು ಮಾತ್ರ ಮರೆಯಬಾರದು. 5 ವೋಲ್ಟಿನಲ್ಲಿ ಅರ್ಧ ಆಂಪಿಯರ್ ಎಂದರೆ ಎರಡೂವರೆ ವಾಟ್. ನೂರಕ್ಕೆ 80ರ ದಕ್ಷತೆಯನ್ನಿಟ್ಟುಕೊಂಡರೆ ಸೆಲ್ಲುಗಳಿಂದ ಒಂದು ಆಂಪಿಯರಿಗೂ ಮಿಗಿಲಾಗಿ ಎಳೆಯಬೇಕಾಗುತ್ತದೆ. ಸಾಧಾರಣ ಆಲ್ಕಲೈನ್ ಸೆಲ್ಲು ಅಷ್ಟು ಭಾರಕ್ಕೆ ಬಳಲುತ್ತದೆ. ಹೆಸರಿಗೆ 1.2 ವೋಲ್ಟಿನದೇ ಆದರೂ ಒಳರೋಧ ಕಡಿಮೆಯಾದ ನಿಕಲ್–ಮೆಟಲ್ ಹೈಡ್ರೈಡ್ ಸೆಲ್ಲು ಇಲ್ಲಿ ಮೇಲು.

ಇಷ್ಟರಿಂದ ವಿಷಯ ಮುಗಿಯಬೇಕಾಗಿತ್ತು. 2007ರಲ್ಲಿ ಐಫೋನ್ ಬಂದ ತರುವಾಯದ ವರ್ಷಗಳಲ್ಲಿ ಹವ್ಯಾಸಿಗಳು ವಿಚಿತ್ರವಾದ ತೊಡಕೊಂದನ್ನು ಎದುರಿಸಿದರು. ವೋಲ್ಟು ಸರಿಯಾಗಿದೆ, ಪ್ರವಾಹ ಸಾಕಷ್ಟಿದೆ. ಆದರೂ ಸಾಧನ ವಿದ್ಯುತ್ತನ್ನು ಸ್ವೀಕರಿಸದು. ಯು.ಎಸ್.ಬಿ.ಯ ನಾಲ್ಕು ತಂತಿಗಳಲ್ಲಿ ಎರಡು ವಿದ್ಯುತ್ತಿಗೆ, ಎರಡು ಮಾಹಿತಿಗೆ. ಸಾಧನವು ಮಾಹಿತಿಯ ತಂತಿಗಳ ಮೇಲೆ ತನ್ನ ತಯಾರಕರು ಗೊತ್ತುಮಾಡಿದ ವೋಲ್ಟುಗಳನ್ನು ಅರಸುತ್ತಿತ್ತು. ಆ ಗುರುತನ್ನು ತಯಾರಕರು ಲೋಕಕ್ಕೆ ತಿಳಿಸಿರಲಿಲ್ಲ. ಫ್ರೀಡ್ ಅವರು ಆ ಸಂಸ್ಥೆಯದೇ ಚಾರ್ಜರನ್ನು ಬಿಚ್ಚಿ ಅಳೆದು, ಗುಟ್ಟು ಕೆಲವು ರೋಧಕಗಳಲ್ಲಿ ಅಡಗಿದೆಯೆಂಬುದನ್ನು ಬಹಿರಂಗಪಡಿಸಿದರು. ಉದಾಹರಣೆಗೆ 75 ಮತ್ತು 50 ಕಿಲೋ ಓಮಿನ ಎರಡು ರೋಧಕಗಳನ್ನು 5 ವೋಲ್ಟಿಗೆ ಸರಣಿಯಲ್ಲಿ ಜೋಡಿಸಿದರೆ ನಡುವೆ 2 ವೋಲ್ಟ್ ದೊರೆಯುತ್ತದೆ. ಎರಡು ತಂತಿಗಳಿಗೂ ಇದನ್ನು ಕೊಟ್ಟರೆ ಸಾಧನವು ಅರ್ಧ ಆಂಪಿಯರಿನ ಚಾರ್ಜರೆಂದು ನಂಬುತ್ತದೆ. ಕೆಲವೇ ಪೈಸೆ ಬೆಲೆಯ ಬಿಡಿಭಾಗವೊಂದು ಬೀಗದ ಕೈಯಾಯಿತು!

ತಯಾರಕರ ಪಕ್ಷದಲ್ಲಿ ನ್ಯಾಯವೇ ಇಲ್ಲವೆಂದು ನಾವು ಹೇಳಲಾರೆವು. ಮೂಲದ ಶಕ್ತಿಯನ್ನರಿಯದೆ ಸಾಧನವು ಒಂದು ಆಂಪಿಯರನ್ನು ಎಳೆಯಹೋದರೆ ಬಡ ಸಾಕೆಟ್ಟಿಗೆ ಹಾನಿಯಾದೀತು. ಯು.ಎಸ್.ಬಿ. ನಿಯಮದಲ್ಲಿಯೂ ಪರಿಚಯವಾಗುವ ಮೊದಲು ಸಾಧನ 100 ಮಿಲಿಆಂಪಿಯರಿಗಿಂತ ಹೆಚ್ಚು ಎಳೆಯುವಂತಿರಲಿಲ್ಲ. ಆದರೆ ಗುರುತು ಅವಶ್ಯವೆಂದ ಮಾತ್ರಕ್ಕೆ ಅದು ಗುಟ್ಟಾಗಿರಬೇಕಾದುದಿಲ್ಲ. ಚೀನಾ ದೇಶವು ತನ್ನ 2006ರ ಮಾನಕದಲ್ಲಿ, ಯು.ಎಸ್.ಬಿ. ಸಂಘಟನೆಯು 2007ರ ತನ್ನ ಚಾರ್ಜಿಂಗ್ ನಿಯಮದಲ್ಲಿ ಅತಿ ಸರಳವಾದ ಗುರುತನ್ನೇ ಒಪ್ಪಿದವು: ಮಾಹಿತಿಯ ಎರಡು ತಂತಿಗಳನ್ನು ಒಂದಕ್ಕೊಂದು ಸೇರಿಸಿಬಿಡುವುದು. ಇದನ್ನು ಯಾರು ಬೇಕಾದರೂ ಓದಿ ತಿಳಿದು ಮಾಡಬಹುದು. ಒಂದೇ ಕಾಲದಲ್ಲಿ ಹೀಗೆ ಬಹಿರಂಗವಾದ ಗುರುತೂ ಗುಪ್ತವಾದ ಗುರುತೂ ಬಳಕೆಯಲ್ಲಿದ್ದುವೆಂಬುದು, ಎರಡನೆಯದು ಕೇವಲ ಸುರಕ್ಷತೆಗಾಗಿ ಅನಿವಾರ್ಯವಾಗಿತ್ತೆಂಬ ವಾದವನ್ನು ದುರ್ಬಲಗೊಳಿಸುತ್ತದೆ. ಮುಂದೆ ಬಂದ ಚಾರ್ಜರು ಚಿಪ್ಪುಗಳಲ್ಲಿ ಎರಡೂ ಗುರುತುಗಳನ್ನು ಒಟ್ಟಿಗೇ ಅಳವಡಿಸಿದ್ದಾರೆ; ಹವ್ಯಾಸಿಗಳು ಅಳೆದು ಕಂಡುದು ಅಲ್ಲಿ ಮಾಮೂಲಾಗಿ ಕುಳಿತಿದೆ.

ಯುರೋಪಿನ ಒಕ್ಕೂಟದಲ್ಲಿ 2024ರ ಡಿಸೆಂಬರ್ 28ರಿಂದ ಹೊಸದಾಗಿ ಮಾರಾಟವಾಗುವ ಫೋನುಗಳಿಗೆ ಟೈಪ್–ಸಿ ಸಾಕೆಟ್ಟು ಕಡ್ಡಾಯವಾಗಿದೆ. ಈ ಸಾಕೆಟ್ಟಿಗೂ ಗುರುತು ಬೇಕು; ಅದೂ ರೋಧಕದಿಂದಲೇ ಆಗುವುದು. ಆದರೆ ಅದರ ಬೆಲೆ ಎಷ್ಟು ಓಮ್ ಎಂಬುದನ್ನು ಮುದ್ರಿತ ನಿಯಮದಲ್ಲಿಯೇ ಕೊಟ್ಟಿದೆ. ಹಳೆಯ ತಗಡಿನ ಡಬ್ಬಿಯಲ್ಲಿ ಇಂಥ ರೋಧಕವಿಲ್ಲ. ಆದರೂ ಹಳೆಯ ಸಾಕೆಟ್ಟಿನಿಂದ ಟೈಪ್–ಸಿಗೆ ಹೋಗುವ ಸಾಮಾನ್ಯ ಕೇಬಲ್ಲನ್ನು ಸಿಕ್ಕಿಸಿದರೆ ಇಂದಿನ ಫೋನು ಆ ಡಬ್ಬಿಯಿಂದ, ನಿಧಾನವಾಗಿಯೇ ಆದರೂ, ವಿದ್ಯುತ್ತನ್ನು ಸ್ವೀಕರಿಸಬಲ್ಲದು. ನಿಯಮ ಕೇಳುವ 56 ಕಿಲೋ ಓಮಿನ ರೋಧಕವನ್ನು ಕೇಬಲ್ಲಿನ ಪ್ಲಗ್ಗಿನೊಳಗೇ ಇರಿಸಿರುತ್ತಾರೆ.